‘ಬರ್ರಿ’ ಎಂದರೆ ಬರಬೇಕು

ನಾನು ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು. ಸಂಧಿ ಬಿಡಿಸಿದ್ದೇನೆ, ಸಮಾಸ ಒಡೆದಿದ್ದೇನೆ, ವಿಧ್ಯರ್ಥ ಯಾವುದೆಂದು ತಿಳಿಯದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅಂಥ ನನಗೆ ಎರಡಕ್ಷರದ ಒಂದು ಕನ್ನಡ ಮಾತು ತಿಳಿಯಲು ಎರಡು ತಿಂಗಳು ಬೇಕಾಯಿತು. ಆ ಎರಡು ತಿಂಗಳೂ ನನ್ನ ಹೊಸ ಹೆಂಡತಿ ತವರಿನಲ್ಲೇ ಇದ್ದಳು ಎಂದರೆ ನನ್ನ ಪಾಡು ನೀವೇ ಊಹಿಸಿಕೊಳ್ಳಿ.

ಎಂಬತ್ತರ ದಶಕದ ಕೊನೆಗೆ ಲಿಂಗಸುಗೂರಿನಿಂದ ಸಿಂಧನೂರಿಗೆ ಮಾಸ್ತರನಾಗಿ ಬಂದೆ. ಕಾಲುವೆ ನೀರು ಬಂದು ಊರು ಉಬ್ಬುತ್ತಿದ್ದ ಕಾಲ. ಭತ್ತದ ಚೀಲಕ್ಕೆ ಗೋದಾಮು ಸಿಗುತ್ತಿತ್ತು, ಮಾಸ್ತರನಿಗೆ ಮನೆ ಸಿಗುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿ ನಾನು, ಮಸ್ಕಿಯ ತವರಿನಲ್ಲಿ ಹೆಂಡತಿ ಗೌರಮ್ಮ. ‘ಮನಿ ಸಿಕ್ಕ ಕೂಡಲೇ ಬರ್ತೀನಿ’ ಎಂದು ಕಾರ್ಡು ಬರೆದಿದ್ದಳು. ತೆರೆದ ಕಾರ್ಡು, ಅಂಚೆಯವನಿಂದ ಹೆಡ್‌ಮಾಸ್ತರರವರೆಗೆ ಎಲ್ಲರೂ ಓದಿ, ಎಲ್ಲರೂ ನನ್ನ ಮೇಲೆ ಮರುಕಪಟ್ಟರು.

ಎಲ್ಲರೂ ತೋರಿಸಿದ್ದು ಒಂದೇ ಜಾಗ: ರೈತರ ಭತ್ತ ಮಾರಿಸಿಕೊಡುವ ಒಂದು ಅಡತಿ ಅಂಗಡಿಯ ಹಿಂದಿನ ಎಂಟು ಲೈನ್ ಮನೆಗಳು. ಮಾಲಕರು ಹೈದರಾಬಾದಿನಲ್ಲಿದ್ದರು. ಮನೆ ಕೊಡುವುದು ಬಿಡುವುದು ಅಂಗಡಿಯ ಲೆಕ್ಕ ಬರೆಯುವ ದಿವಾನಜಿ ಗುರುಪಾದಪ್ಪನವರ ಕೈಯಲ್ಲಿತ್ತು. ಅವರ ಬಾಯಲ್ಲಿ ಸದಾ ಎಲೆಯಡಿಕೆ, ಅದರ ಜೊತೆಗೆ ತಂಬಾಕು. ಹೀಗಾಗಿ ಮಾತಿಗೆ ಅಲ್ಲಿ ಉಳಿದಿದ್ದ ಸ್ಥಳ ಬಹಳ ಕಡಿಮೆ. ಮೂಲೆಮನೆ ಖಾಲಿ ಇದೆಯಂತೆ, ಸಿಗಬಹುದೇ ಎಂದು ಕೇಳಿದೆ. ಯಾವೂರು, ಏನು ನೌಕರಿ, ಮಂದಿ ಎಷ್ಟು ಎಂಬುದನ್ನೆಲ್ಲ ಗದ್ದ ಎತ್ತಿ ಇಳಿಸಿಯೇ ವಿಚಾರಿಸಿಕೊಂಡು, ಕೊನೆಗೆ ‘ಹ್ಞೂಂ’ ಎಂದರು. ಅದು ಒಪ್ಪಿಗೆಯೋ ಎಲೆ ಆಚೆ ದವಡೆಗೆ ಸರಿದ ಸದ್ದೋ ತಿಳಿಯಲಿಲ್ಲ. ಮುಂದಿನ ಮಾತಿಗೆ ಕಾದೆ. ಬರಲಿಲ್ಲ. ಎದ್ದು ಕೈಮುಗಿದು ‘ಬರ್ತೀನ್ರೀ’ ಎಂದೆ. ‘ಬರ್ರಿ’ ಎಂದರು. ಬಂದೆ. ಅಂದರೆ, ಹೋದೆ.

ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಹಳೆಯ ಚಟ. ನಾವು ಯಾರ ಮನೆಯಿಂದಲೂ ಹೋಗುವವರಲ್ಲ, ಬರುವವರು. ‘ಹೋಗ್ತೀನಿ’ ಎಂದರೆ ಅಜ್ಜಿಯರು ಎದೆ ಹಿಡಿದುಕೊಳ್ಳುತ್ತಾರೆ. ನಮ್ಮಲ್ಲಿ ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಇಷ್ಟು ಚೆಂದವಾಗಿ ಉಲ್ಟಾ ಮಾತಾಡುವ ಭಾಷೆಯಲ್ಲಿ ಒಬ್ಬ ಮನುಷ್ಯ ನಿಜವಾಗಿಯೇ ‘ಬಾ’ ಎಂದರೆ ಗುರುತಿಸುವುದು ಹೇಗೆ? ಈ ಪ್ರಶ್ನೆ ಆಗ ನನಗೆ ಹೊಳೆದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ‘ಮನೀದು...’ ಎನ್ನುತ್ತಿದ್ದಂತೆ ‘ಹ್ಞೂಂ, ಬರ್ರಿ’ ಎಂದರು. ಕೂಡುವ ಮೊದಲೇ ಬೀಳ್ಕೊಟ್ಟರಲ್ಲ ಎಂದು ಮುಖ ಸಣ್ಣದಾಯಿತು. ಹೀಗೆ ವಾರಕ್ಕೆರಡು ಸಲ ಹೋದೆ, ಬಂದೆ. ಅವರ ತಲೆಯ ಮೇಲಿನ ಮೊಳೆಯಲ್ಲಿ ಕೆಂಪು ದಾರದ ಕೀಲಿಕೈಯೊಂದು ತೂಗುತ್ತಿತ್ತು. ಅದನ್ನೇ ನೋಡುತ್ತ ಕೂತು ಎದ್ದು ಬರುವುದು ನನಗೊಂದು ಸೇವೆಯಾಯಿತು. ಒಂದು ದಿನ ಮೂಲೆಮನೆಯ ಗೋಡೆಗೆ ಸುಣ್ಣ ಬಳಿದದ್ದು ಕಂಡು ಪಕ್ಕದ ಮನೆಯಾಕೆಯನ್ನು ವಿಚಾರಿಸಿದೆ. ಯಾರೋ ಮಾಸ್ತರರು ಬರುತ್ತಾರಂತೆ, ದಿವಾನಜಿ ಅವರಿಗಂತಲೇ ತೆಗೆದಿಟ್ಟಿದ್ದಾರೆ, ಬೇರೆ ಎಷ್ಟು ಮಂದಿ ಬಂದರೂ ಕೊಟ್ಟಿಲ್ಲ ಎಂದಳು. ಆ ಮಾಸ್ತರನ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಎದ್ದಿತೆಂದರೆ, ಅವನ ವಶೀಲಿಗೆ ಬೆಂಕಿ ಬೀಳಲಿ ಎಂದು ಮನಸಾರೆ ಶಪಿಸಿದೆ.

ಅತ್ತ ಮಸ್ಕಿಯಲ್ಲಿ ನನ್ನ ದರ್ಜೆ ಇಳಿಯುತ್ತಿತ್ತು. ಮೊದಲ ಭಾನುವಾರ ಅತ್ತೆ ಹೋಳಿಗೆ ಬಡಿಸಿದ್ದರು. ಮನೆ ಸಿಗಲಿಲ್ಲವೆಂದು ಹೇಳುತ್ತ ಹೇಳುತ್ತ ನಾನು ಶಿರಾಕ್ಕೆ ಇಳಿದೆ, ಶಿರಾದಿಂದ ಉಪ್ಪಿಟ್ಟಿಗೆ. ಅಳಿಯ ನಿಜವಾಗಿ ಹುಡುಕುತ್ತಿದ್ದಾನೋ ಇಲ್ಲವೋ ಎಂದು ಮಾವ ಪಡಸಾಲೆಯಲ್ಲಿ ಕೂತು ಗೋಡೆಯನ್ನು ಕೇಳುತ್ತಿದ್ದರು. ಗೌರಮ್ಮ ಮಾತ್ರ ನನ್ನ ತಾಟಿಗೆ ಇನ್ನೊಂದು ಚಮಚ ಉಪ್ಪಿಟ್ಟು ಹಾಕುತ್ತಿದ್ದಳು. ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ಕೊನೆಗೊಂದು ಶನಿವಾರ ಆಕೆಯೇ ಬಸ್ ಹತ್ತಿ ಬಂದಳು. ‘ನಡೀರಿ, ಅದ್ಯಾವ ದಿವಾನಜಿ ನೋಡೂಣು’ ಎಂದಳು. ಹೋದೆವು. ಅವರು ನನ್ನನ್ನು ನೋಡಿದವರೇ ‘ಬರ್ರಿ’ ಎಂದರು. ನಾನು ರೂಢಿಯಂತೆ ಹಿಂದಕ್ಕೆ ತಿರುಗಿದೆ. ಗೌರಮ್ಮ ತಿರುಗಲಿಲ್ಲ. ಸೆರಗು ಸರಿಮಾಡಿಕೊಂಡು ಕೇಳಿದಳು:

‘ಯಾವಾಗ ಬರೂಣ್ರೀ?’

ದಿವಾನಜಿ ಎದ್ದರು. ಹೊರಗೆ ಹೋಗಿ ಬಾಯಿ ಖಾಲಿ ಮಾಡಿ ಬಂದರು. ಅವರಿಗೆ ಹಲ್ಲುಗಳಿವೆ ಎಂದು ನನಗೆ ತಿಳಿದದ್ದು ಅಂದೇ.

‘ತಂಗಿ, ಎರಡು ತಿಂಗಳಾತು. ನಾ ಬರ್ರಿ ಬರ್ರಿ ಅನ್ನಾಕತ್ತೀನಿ. ಇವ್ರು ಬರ್ತೀನಿ ಬರ್ತೀನಿ ಅಂತಾರ, ಹೊಂಟ ಹೋಗ್ತಾರ. ಇವ್ರ ಸಲುವಾಗಿ ಸುಣ್ಣಾ ಬಳಿಸೀನಿ, ಬಂದವ್ರನ್ನೆಲ್ಲ ವಾಪಸ್ ಕಳಿಸೀನಿ. ನಿಮ್ಮ ಮಾಸ್ತರ್ರಿಗೆ ಮನಿ ಬೇಕೋ ಬ್ಯಾಡೋ?’

ನಾನು ಶಪಿಸಿದ ಮಾಸ್ತರ ನಾನೇ ಆಗಿದ್ದೆ. ಗೌರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಬಸ್ ಸ್ಟ್ಯಾಂಡಿನವರೆಗೂ ನಕ್ಕಳು. ಮರುದಿನ ಟ್ರಂಕಿನೊಂದಿಗೆ ಬಂದಾಗಲೂ ನಗುತ್ತಲೇ ಇದ್ದಳು. ನಮ್ಮ ಸಂಸಾರ ಹಾಗೆ ನಗುತ್ತಲೇ ಶುರುವಾಯಿತು, ಅದಕ್ಕಾಗಿ ನನ್ನ ದಡ್ಡತನಕ್ಕೆ ನಾನು ಋಣಿ.

ಐದು ವರ್ಷದ ಮೇಲೆ ಲಿಂಗಸುಗೂರಿಗೆ ವರ್ಗವಾಯಿತು. ಸಾಮಾನು ಲಾರಿಗೆ ಏರಿಸಿ, ಕೀಲಿಕೈ ಒಪ್ಪಿಸಲು ಇಬ್ಬರೂ ಅಂಗಡಿಗೆ ಹೋದೆವು. ಕೈಮುಗಿದು ‘ಬರ್ತೀವ್ರೀ’ ಎಂದೆ. ದಿವಾನಜಿ ಎದ್ದು ಹೊರಗೆ ಹೋಗಿ, ಎರಡನೆಯ ಸಲ ಬಾಯಿ ಖಾಲಿ ಮಾಡಿ ಬಂದರು.

‘ಮಾಸ್ತರ್ರ, ಇದು ಹೋಗೂ ಬರ್ತೀವೋ, ಬರೂ ಬರ್ತೀವೋ?’

ಕನ್ನಡ ಮಾಸ್ತರ ಹೆಂಡತಿಯ ಮುಖ ನೋಡಿದ. ಗೌರಮ್ಮ ಕಣ್ಣೊರೆಸಿಕೊಂಡು, ‘ಬರೂದು ಅಂತನ ತಿಳ್ಕೋರಿ’ ಎಂದಳು. ದಿವಾನಜಿ ಕೆಂಪು ದಾರದ ಕೀಲಿಕೈಯನ್ನು ಮೊದಲಿನ ಮೊಳೆಗೇ ಹಾಕಿದರು.

‘ಹಂಗಾರ ಬರ್ರಿ’ ಎಂದರು.