ಹಾಲು ಯಾರು ಉಕ್ಕಿಸಬೇಕು?

ಜೀವಕೋಶ ಒಡೆಯುವ ಪಾಠವನ್ನು ಈ ವರ್ಷ ನಾನು ಅರ್ಧಕ್ಕೇ ಬಿಟ್ಟು ಬಂದೆ. ಚಿತ್ತಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು ಹಲ್ಲುನೋವಿನ ನೆಪ ಹೇಳಿ ಹೊರಬಿದ್ದರೆ ವಿದ್ಯಾರ್ಥಿಗಳಿಗೆ ಸಂತೋಷವೇ. ನಿಜವಾದ ಕಾರಣ, ಶಹಾಬಾದಿನ ನಮ್ಮ ಮನೆಯ ನಡುವೆ ಆ ದಿನ ಗೋಡೆ ಏಳುತ್ತಿತ್ತು. ನಾನೂ ನನ್ನ ತಮ್ಮ ಶರಣುವೂ ಬೇರೆಯಾಗುತ್ತಿದ್ದೆವು.

ಯಾಕೆ ಎಂದು ಕೇಳಬೇಡಿ. ನೀರಿನ ಮೋಟರಿನಿಂದ ಶುರುವಾಯಿತು ಎಂದು ನನ್ನ ನೆನಪು. ಕೂಲರಿನಿಂದ ಎನ್ನುತ್ತಾನೆ ಅವನು. ಎರಡೂ ಆಮೇಲೆ ಹೆಣೆದುಕೊಂಡ ಕತೆಗಳಿರಬಹುದು. ಅದಕ್ಕಿಂತ ಪಾಠವನ್ನು ನಂಬುವುದೇ ಮೇಲು. ಕೋಶ ಜಗಳವಾಡಿ ಒಡೆಯುವುದಿಲ್ಲ. ಬೆಳೆಯುತ್ತದೆ, ಒಳಗಿನ ವಂಶವಾಹಿ ಬರಹವನ್ನು ಸದ್ದಿಲ್ಲದೆ ಎರಡು ಪ್ರತಿ ಮಾಡಿಕೊಳ್ಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ನಮ್ಮಲ್ಲೂ ಎರಡನೇ ಮಿಕ್ಸರ್ ಬಂತು, ಎರಡನೇ ಟಿವಿ, ಎರಡನೇ ಗ್ಯಾಸ್ ಒಲೆ. ಮನೆ ತುಂಬುತ್ತಿದೆ ಎಂದು ಹಿಗ್ಗಿದೆವು.

ಪ್ರಾಣಿಕೋಶ ಸೊಂಟಕ್ಕೆ ದಾರ ಬಿಗಿದಂತೆ ಹೊರಗಿನಿಂದ ಒಳಕ್ಕೆ ಕುಗ್ಗಿ ಎರಡಾಗುತ್ತದೆ. ಸಸ್ಯಕೋಶ ನಟ್ಟನಡುವೆ ಗೋಡೆ ಶುರುಮಾಡಿ ಅಂಚಿನ ತನಕ ಬೆಳೆಸುತ್ತದೆ. ನಮ್ಮ ಗೌಂಡಿ ಮೈಬೂಬ್ ಎರಡನ್ನೂ ಬೆರೆಸಿದ. ಗೋಡೆಯೇನೋ ಹೌದು, ಆದರೆ ಫರಸಿ ಕಲ್ಲಿನ ಚಪ್ಪಡಿಗಳನ್ನು ಎರಡೂ ತುದಿಯಿಂದ ನಿಲ್ಲಿಸುತ್ತ ಬಂದ. ನಡುವೆ ಕೊನೆಯ ಕಲ್ಲು ಅಗಲ ಜಾಸ್ತಿಯಾಗಿ ಕೂರಲಿಲ್ಲ, ಸಂದಿ ಹಾಗೇ ಉಳಿಯಿತು. ನಾಳೆ ಕೊಯ್ದು ಕೂರಿಸುತ್ತೇನೆಂದು ಹೋದ.

ನನ್ನನ್ನು ಕೂಡಲು ಬಿಡದೆ ಅಂಗಳದಲ್ಲಿ ಅಡ್ಡಾಡಿಸಿದ್ದು ಗೋಡೆಯಲ್ಲ, ಹಾಲು. ನಮ್ಮ ಕಡೆ ಬೇರೆಯಾದವರು ಹೊಸ ಒಲೆಯ ಮೇಲೆ ಹಾಲು ಉಕ್ಕಿಸಬೇಕು. ಉಕ್ಕಿಸಿದವರು ಮನೆ ಬಿಟ್ಟವರು, ಉಕ್ಕಿಸದವರದು ಹಳೆಮನೆ. ಊರಿನ ನಾಲಿಗೆಯ ಮೇಲೆ ಅದು ಮೊಮ್ಮಕ್ಕಳ ತನಕ ಉಳಿಯುತ್ತದೆ.

"ನಾವ್ಯಾಕ್ ಉಕ್ಕಸ್ಬೇಕ್ರಿ? ನಾವೇನ್ ಮನಿ ಬಿಟ್ಟ ಹೊಂಟೀವೇನು?" ಎಂದಳು ನನ್ನ ಹೆಂಡತಿ ಕಮಲಾ, ಗೋಡೆಗೆ ಕೇಳುವಷ್ಟು ಗಟ್ಟಿಯಾಗಿ.

ಗೋಡೆಯಾಚೆಯಿಂದ ಶರಣು, "ದೊಡ್ಡಾಂವ ಅಂದಕೂಡ್ಲೆ ಹಳೇ ಮನಿ ನಿಂದೇ ಆಯ್ತೇನೋ ಅಣ್ಣ? ನಾನೂ ಇಲ್ಲೇ ಹುಟ್ಟೀನಿ!" ಎಂದ.

ನನಗೆ ತಲೆ ಕೆಟ್ಟಿತು. ಬೆಳಿಗ್ಗೆ ನುಂಗಿಕೊಂಡಿದ್ದ ಪಾಠವನ್ನು ಕಲ್ಲಿನ ಸಂದಿಯಲ್ಲಿ ಬಾಯಿಟ್ಟು ಒದರಿದೆ. "ಕೋಶ ಒಡದ್ ಮ್ಯಾಲ ತಾಯಿ ಕೋಶ ಎಲ್ಲೀದೋ? ಸತ್ತಿಲ್ಲ, ಹೆಣಾ ಇಲ್ಲ, ಆದ್ರ ಇಲ್ಲ! ಇರೋವು ಎರಡೂ ಹೊಸಾವು!"

"ಅಂದ್ರ ಹಳೇ ಮನಿ ಯಾರ್ದೂ ಅಲ್ಲ?"

"ಯಾರ್ದೂ ಅಲ್ಲ."

ಆಚೆಯಿಂದ ತಮ್ಮನ ಹೆಂಡತಿ ಭಾಗ್ಯ, "ಹಂಗಿದ್ರ ಎರಡೂ ಕಡಿ ಉಕ್ಕಸೋಣ ಬಿಡ್ರಿ, ಬಾವಾರ. ಅಕ್ಕ, ನಮ್ ಕಡಿ ಹಾಲ ಇಲ್ಲ. ಒಂದ್ ಚರಿಗಿ ಈಕಡಿ ಕೊಡು" ಎಂದಳು. ಆ ಸಂದಿಯಿಂದಲೇ ಚರಿಗೆ ದಾಟಿತು.

ಹಾಲು ಎರಡು ಒಲೆಗಳ ಮೇಲೂ ಉಕ್ಕಿತು. ನಮ್ಮದು ಮೊದಲು ಎಂದು ನನ್ನ ನೆನಪು. ಶರಣುವನ್ನು ಕೇಳಿದರೆ ತನ್ನದು ಎಂದಾನು. ಸೀದ ವಾಸನೆಯಂತೂ ಎರಡೂ ಕಡೆ ಒಂದೇ ಇತ್ತು.

ಸಸ್ಯಕೋಶವೂ ಗೋಡೆ ಕಟ್ಟುವಾಗ ಆಚೀಚೆ ಕೊಟ್ಟುತೆಗೆದುಕೊಳ್ಳಲು ಸಣ್ಣ ಕಿಂಡಿಗಳನ್ನು ಬಿಟ್ಟುಕೊಳ್ಳುತ್ತದೆ. ಪಾಠದ ಆ ಭಾಗ ಇನ್ನೂ ಮುಗಿದಿಲ್ಲ. ಕೊನೆಯ ಕಲ್ಲು ಅಂಗಳದಲ್ಲಿ ಒರಗಿಕೊಂಡೇ ಇದೆ. ಮೈಬೂಬ್ ದಾರಿಯಲ್ಲಿ ಸಿಕ್ಕಾಗೆಲ್ಲ, "ಯಾವಾಗ ಬರ್ಲಿರಿ ಸರ್?" ಎನ್ನುತ್ತಾನೆ. ನಾನು ಹಲ್ಲುನೋವು ಎನ್ನುತ್ತೇನೆ. ಶರಣುವನ್ನೂ ಕೇಳಿರಬೇಕು. ಅವನು ಏನು ಹೇಳುತ್ತಾನೋ, ನಾನು ಕೇಳಿಲ್ಲ.