ಬಗ್ಗದ ಕತ್ತಿ

ಮೊನ್ನೆ ಬಸವೇಶ್ವರನಗರದ ಗ್ಯಾರೇಜೊಂದನ್ನು ದಾಟುವಾಗ ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕಾದ ಉಕ್ಕನ್ನು ಎಣ್ಣೆಗೆ ಅದ್ದಿದಾಗ ಏಳುತ್ತಲ್ಲ, ಅದೇ ಹೊಗೆ... ನಿಂತುಬಿಟ್ಟೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡೊಂದರಲ್ಲಿ ಕುಲುಮೆ ನಡೆಸುತ್ತಿದ್ದ ಮೇಸ್ತ್ರಿ ಕಣ್ಣೆದುರು ಬಂದರು.

ಎಪ್ಪತ್ತರ ದಶಕ. ನಾನು ಅವರ ಪಕ್ಕದ ಕಾರ್ಖಾನೆಯಲ್ಲಿ ಲೇತ್ ಆಪರೇಟರ್. ಹೆಗ್ಗನಹಳ್ಳಿಯ ನಮ್ಮ ತಂಡದಲ್ಲಿ ವೀರಗಾಸೆ ಕುಣಿಯುತ್ತಿದ್ದೆ. ಅಪ್ಪನ ಕಾಲದ ಕತ್ತಿ ಸವೆದಿತ್ತು. ಹೊಸದಕ್ಕೆಂದು ಡೈ ಸ್ಟೀಲಿನ, ಅಂದರೆ ಅಚ್ಚುಗಳಿಗೆ ಬಳಸುವ ಗಡುಸು ಉಕ್ಕಿನ, ಉದ್ದನೆಯ ಪಟ್ಟಿಯೊಂದನ್ನು ತಂದು ಮೇಸ್ತ್ರಿಯ ಮುಂದಿಟ್ಟೆ. ಅದೇ ಸ್ಟೀಲಿನಲ್ಲಿ ಅವರು ಅಮ್ಮನಿಗೆ ಮಾಡಿಕೊಟ್ಟಿದ್ದ ಚಾಕು ಎರಡು ವರ್ಷವಾದರೂ ಸಾಣೆ ಬೇಡಿರಲಿಲ್ಲ.

ಅವರು ಪಟ್ಟಿಯನ್ನು ಮುಟ್ಟಲೂ ಇಲ್ಲ.

“ಚಾಕು ಗೇಣುದ್ದ ಕಣಪ್ಪ, ಗಡುಸಾಗಿದ್ರೆ ಸಾಕು. ಕತ್ತಿ ಬೀಸೋದು. ಏಟು ಬಿದ್ರೆ ಬಗ್ಗಬೇಕು, ಮತ್ತೆ ನೆಟ್ಟಗಾಗಬೇಕು. ಲಾರಿ ಸ್ಪ್ರಿಂಗಿನ ಪಟ್ಟಿ ತಗೊಂಡ್ ಬಾ.”

ದೇವರ ಕತ್ತಿಗೆ ಗುಜರಿ ಲಾರಿಯ ಪಟ್ಟಿಯೇ? ಮೈಯೆಲ್ಲ ಉರಿಯಿತು. ಮಾಗಡಿ ರಸ್ತೆಯ ಬೇರೊಂದು ಕುಲುಮೆಯಲ್ಲಿ ಡೈ ಸ್ಟೀಲಿನದೇ ಕತ್ತಿ ಮಾಡಿಸಿಕೊಂಡೆ. ಕನ್ನಡಿಯಂತೆ ಹೊಳೆಯುತ್ತಿತ್ತು. ನಾವು ಕುಣಿಯಬೇಕಿದ್ದ ಉತ್ಸವಕ್ಕೆ ಇನ್ನೆರಡು ದಿನ ಇರುವಾಗ, ಊಟದ ಬಿಡುವಿನಲ್ಲಿ ಮೇಸ್ತ್ರಿಗೆ ತೋರಿಸಲು ಹೋದೆ. ತೋರಿಸಲು ಅಂದರೆ ಸುಳ್ಳಾದೀತು... ಹಂಗಿಸಲು ಹೋದೆ.

ಅವರು ಉಗುರಿನಿಂದ ತಟ್ಟಿ ಸದ್ದು ಕೇಳಿದರು. ಮುಖ ಬಿಗಿಯಿತು.

“ಇದನ್ನ ಹಿಡ್ಕೊಂಡು ಜನದ ಮಧ್ಯೆ ಕುಣೀತೀಯಾ? ಇಲ್ಲೇ ಪರೀಕ್ಷೆ ಮಾಡೋಣ, ಕೊಡು.”

“ನೀವು ಬೇಕಂತ್ಲೇ ಮುರೀತೀರ.”

“ನಾನು ಮುರಿದ್ರೆ ಇಲ್ಲಿ ಮುರಿಯುತ್ತೆ. ನೀನು ಮುರಿದ್ರೆ ಎಲ್ಲಿ ಮುರಿಯುತ್ತೆ, ಹೇಳು?”

ಕುಣಿತದ ಸುತ್ತ ಮುಂದಿನ ಸಾಲಿನಲ್ಲಿ ಕೂರುವವರೆಲ್ಲ ಮಕ್ಕಳು. ನನ್ನ ತಂಗಿಯ ಮಗಳೂ ಅಲ್ಲೇ ಕೂರುತ್ತಿದ್ದಳು. ಆದರೂ ಕತ್ತಿ ಬಿಡಲು ಮನಸ್ಸಾಗಲಿಲ್ಲ. ಅವರೇ ನನ್ನ ಬೆರಳು ಬಿಡಿಸಿ ತೆಗೆದುಕೊಂಡರು. ನನ್ನನ್ನು ಬಾಗಿಲಾಚೆ ನಿಲ್ಲಿಸಿ, ಕತ್ತಿಯ ಹಿಡಿಯನ್ನು ವೈಸಿಗೆ ಬಿಗಿದು, ಅಲಗಿಗೆ ಗೋಣಿಚೀಲ ಸುತ್ತಿ, ಮರದ ಕೊಡತಿಯಿಂದ ಬಡಿದರು. ಒಂದು... ಎರಡು... ಏನೂ ಆಗಲಿಲ್ಲ. ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮೂರನೆಯ ಏಟು ಬಿತ್ತು. ಟಣ್ ಅಂತ ಸದ್ದು. ಮುರಿದ ತುಂಡು ಗೋಣಿ ಸೀಳಿಕೊಂಡು ಹಾರಿ, ಅವರ ಮುಂಗೈ ಕೊಯ್ದು, ಗೋಡೆಯ ಶೀಟಿಗೆ ನಾಟಿತು.

ರಕ್ತ ಸುರಿಯುತ್ತಿತ್ತು. ಅವರು ತಮ್ಮ ಕೈ ನೋಡಿಕೊಳ್ಳಲಿಲ್ಲ. ಬಾಗಿಲಿಗೆ ಬಂದು, “ನಿನಗೇನೂ ತಾಗ್ಲಿಲ್ಲ ತಾನೇ?” ಅಂದರು.

ಮಾರನೆಯ ದಿನ, ಬ್ಯಾಂಡೇಜು ಕಟ್ಟಿದ ಕೈಯಲ್ಲೇ ಲಾರಿ ಪಟ್ಟಿ ಕಾಯಿಸಿ ಬಡಿದು ಕತ್ತಿ ಮಾಡಿಕೊಟ್ಟರು. ಉತ್ಸವದ ದಿನ ಕುಣಿತದ ನಡುವೆ ಅದು ಜೊತೆಗಾರನ ಕತ್ತಿಗೆ ಜೋರಾಗಿ ತಗುಲಿತು. ಕತ್ತಿ ಒಮ್ಮೆ ಬಳುಕಿ ನೆಟ್ಟಗಾಯಿತು, ಅಷ್ಟೇ.

ಮುಂದೆ ನಾನು ಕೆಂಗೇರಿ ಕಡೆ ಕೆಲಸಕ್ಕೆ ಸೇರಿದೆ. ಅವರು ತೀರಿಕೊಂಡ ಸುದ್ದಿ ತಿಂಗಳು ಕಳೆದು ಸಿಕ್ಕಿತು. ಮನೆಗೆ ಹೋದಾಗ ಅವರ ಹೆಂಡತಿ ಮಾತಿನ ಮಧ್ಯೆ ಆ ಗಾಯದ ಕಲೆಯ ವಿಷಯ ಎತ್ತಿದರು. “ಹೆಂಗಾಯ್ತು ಅಂದ್ರೆ, ‘ಕಬ್ಬಿಣದ ಕೆಲಸ ಅಂದ್ಮೇಲೆ ಇದ್ದದ್ದೇ’ ಅಂತ ಸುಮ್ನಾಗ್ತಿದ್ರು ಕಣಪ್ಪ.” ನಾನು ತಲೆ ತಗ್ಗಿಸಿ ಕಾಫಿ ಕುಡಿದೆ. ಆಗಲೂ ನಿಜ ಹೇಳಲಿಲ್ಲ.

ಈಗ ಆ ತಾಯಿಯೂ ಇಲ್ಲ. ತಪ್ಪಾಯ್ತು ಅನ್ನೋಣವೆಂದರೆ... ಕೇಳಿಸಿಕೊಳ್ಳಬೇಕಾದವರು ಯಾರೂ ಉಳಿದಿಲ್ಲ.