ಎರಡೂ ಮುಕ್ಕಾಲು ಗಂಟೆಯ ಪಾಯಸ

ನಮ್ಮ ಜಿಲ್ಲೆಗೆ ರೈಲೂ ಬಂದಿಲ್ಲ, ವಿಮಾನವೂ ಇಳಿದಿಲ್ಲ. ಬಹುಶಃ ಅದಕ್ಕೇ ಎರಡರ ಬಗ್ಗೆಯೂ ನಮ್ಮೂರು ಮೂರ್ನಾಡಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ನಾನು ದೆಹಲಿಗೆ ಹೊರಟಿರುವ ಸುದ್ದಿ ತಿಳಿದದ್ದೇ ತಡ, ಮಿಲಿಟರಿಯಿಂದ ನಿವೃತ್ತರಾಗಿದ್ದ ಚಿಕ್ಕಪ್ಪ ಕನ್ನಡಕ ಏರಿಸಿ ಮೊಬೈಲ್ ನೋಡಿ, ಬೆಂಗಳೂರಿನಿಂದ ದೆಹಲಿಗೆ ಆಕಾಶಮಾರ್ಗ ಸುಮಾರು ಸಾವಿರದ ಏಳುನೂರು ಕಿಲೋಮೀಟರ್, ಹಾರಾಟ ಎರಡೂ ಮುಕ್ಕಾಲು ಗಂಟೆ ಎಂದು ಘೋಷಿಸಿದರು. ಸ್ವತಃ ಅವರು ಸರ್ವೀಸಿನುದ್ದಕ್ಕೂ ದೆಹಲಿಗೆ ಹೋದದ್ದು ರೈಲಿನಲ್ಲಿ.

ಅಮ್ಮ ಆ ಎರಡೂ ಮುಕ್ಕಾಲು ಗಂಟೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನಮ್ಮ ಮನೆಯಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೇ ಏಳೆಂಟು ಗಂಟೆ ಬೇಕೆಂದು ನಾನು ಎಷ್ಟು ಹೇಳಿದರೂ ಅದು ಅವಳ ಲೆಕ್ಕಕ್ಕೆ ಬರಲಿಲ್ಲ. ಅವಳ ಮಟ್ಟಿಗೆ ಅದು ಬರೀ ರಸ್ತೆ.

ಅವಳ ಆತುರಕ್ಕೆ ಕಾರಣ ದೆಹಲಿಯಲ್ಲಿ ಸಂಸಾರ ಹೂಡಿದ್ದ ಅಕ್ಕ. ಆಪರೇಷನ್ ಆದ ಮೇಲೆ ಅಕ್ಕನಿಗೆ ಊಟವೇ ಸೇರುತ್ತಿರಲಿಲ್ಲ. ಫೋನಿನಲ್ಲಿ ಅವಳ ದನಿ ಕೇಳಿದರೆ ಭಯವಾಗುತ್ತಿತ್ತು. ಅವಳು ಬಾಯಿಬಿಟ್ಟು ಕೇಳಿದ್ದು ಒಂದನ್ನೇ, ಮದ್ದು ಪಾಯಸ. ಮಳೆಗಾಲದ ಆಟಿ ತಿಂಗಳ ಹದಿನೆಂಟರಂದು ಮಾತ್ರ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅಂದೇ ಕೊಯ್ಯಬೇಕು, ಅಂದೇ ತಿನ್ನಬೇಕು. ಮರುದಿನ ಅದು ಬರೀ ಬೇಲಿಯ ಗಿಡ.

ನಾನು ಹೊರಟದ್ದೂ ಅದೇ ದಿನ. ಅಮ್ಮ ಬೆಳಕು ಹರಿಯುವ ಮೊದಲೇ ಮಳೆಯಲ್ಲಿ ಸೊಪ್ಪು ಕೊಯ್ದು, ಕುದಿಸಿ, ಆ ನೇರಳೆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿ ಸ್ಟೀಲ್ ಡಬ್ಬಿಗೆ ತುಂಬಿದಳು. ದೊಡ್ಡ ಪೆಟ್ಟಿಗೆಗಳನ್ನು ವಿಮಾನದವರು ಎಸೆದಾಡುತ್ತಾರೆಂದು ಚಿಕ್ಕಪ್ಪ ಹೆದರಿಸಿದ್ದರಿಂದ ಡಬ್ಬಿ ನನ್ನ ಕೈಚೀಲಕ್ಕೆ ಬಂತು. ಅದು ಅಲುಗಾಡದಿರಲೆಂದು ಉಳಿದ ಸೊಪ್ಪಿನ ಕಟ್ಟನ್ನೇ ಸುತ್ತ ತುರುಕಿದಳು.

"ಎರಡೂ ಮುಕ್ಕಾಲು ಗಂಟೆ ಅಲ್ವಾ, ಆರೋದಿಲ್ಲ. ಬಿಸಿಬಿಸಿ ಕೊಡು ಅವ್ಳಿಗೆ," ಅಂದಳು.

ಮೈಸೂರು ದಾಟುವ ಹೊತ್ತಿಗೇ ಡಬ್ಬಿ ತಣ್ಣಗಾಗಿತ್ತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮುಚ್ಚಳ ತೆರೆದ ಅಧಿಕಾರಿ ಆ ಬಣ್ಣ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ನಾನು ಜಾಣತನ ತೋರಿಸಲು ಹೋಗಿ, ಇದರಲ್ಲಿ ಹದಿನೆಂಟು ಔಷಧಿಗಳಿವೆ ಎಂದೆ. ಹಾಗಾದರೆ ಹದಿನೆಂಟಕ್ಕೂ ಡಾಕ್ಟರ ಚೀಟಿ ಎಲ್ಲಿ ಎಂದು ಕೇಳಿದ. ಇಷ್ಟೊಂದು ದ್ರವ ಒಳಗೆ ಬಿಡುವಂತಿಲ್ಲ, ಇಲ್ಲೇ ಕುಡಿಯಿರಿ, ಇಲ್ಲವೇ ಚೆಲ್ಲಿ ಎಂಬುದು ಅವನ ತೀರ್ಪು. ಸಾಲಿನವರೆಲ್ಲ ನೋಡುತ್ತಿದ್ದಂತೆ ಡಬ್ಬಿಯನ್ನೇ ಎತ್ತಿ ನಾಲ್ಕು ಗುಟುಕು ಕುಡಿದೆ. ಉಳಿದದ್ದನ್ನು ಕಸದ ಬುಟ್ಟಿಗೆ ಸುರಿಯುವಾಗ ಕೋಪಕ್ಕಿಂತ ಹೆಚ್ಚಾಗಿ ಅಳು ಬಂತು. ಸೊಪ್ಪಿನ ಕಟ್ಟನ್ನು ಮಾತ್ರ ಯಾರೂ ಕೇಳಲಿಲ್ಲ. ನನ್ನ ನೇರಳೆ ತುಟಿ ಕಂಡ ಗಗನಸಖಿ ದಾರಿಯಲ್ಲಿ ಎರಡು ಸಲ ಆರೋಗ್ಯ ವಿಚಾರಿಸಿದಳು.

ಸಂಜೆ ಅಕ್ಕನ ಮನೆ ಬಾಗಿಲಲ್ಲಿ ಖಾಲಿ ಡಬ್ಬಿ ಹಿಡಿದು, ನಡೆದದ್ದನ್ನೆಲ್ಲ ಹೇಳಿ, ಕಳ್ಳನ ಹಾಗೆ ನಿಂತೆ. ಅವಳು ಚೀಲದಿಂದ ಬಾಡಿದ ಸೊಪ್ಪು ತೆಗೆದು ಮೂಗಿಗೆ ಹಿಡಿದಳು. ಅದನ್ನು ಹಿಡಿದೇ ಅಡುಗೆಮನೆಗೆ ಹೋಗಿ ಒಲೆಯ ಮೇಲೆ ನೀರಿಟ್ಟಳು. ಪಾಯಸವಾದಾಗ ಆರಲೂ ಬಿಡದೆ ಒಂದು ಬಟ್ಟಲು ತಿಂದು, ಇನ್ನೊಂದನ್ನು ತಾನೇ ಬಡಿಸಿಕೊಂಡಳು.

ಅಷ್ಟರಲ್ಲಿ ಅಮ್ಮನ ಫೋನ್ ಬಂತು.

"ಬಿಸಿ ಇತ್ತಾ?"

ಅಕ್ಕ ನನ್ನ ಮುಖ ನೋಡಿದಳು. "ಬಾಯಿ ಸುಟ್ಟೋಯ್ತಮ್ಮ," ಅಂದಳು.

"ಮತ್ತೆ, ಎರಡೂ ಮುಕ್ಕಾಲು ಗಂಟೆ ಅಲ್ವಾ," ಅಂದಳು ಅಮ್ಮ.